ಟವೆಲಿನ ಕೆಳಗೆ ಕುದುರಿದ ಪ್ರಳಯ

ನಾನು ಕಲಿತ ಈ ಪಾಠದ ಬೆಲೆ ನಲವತ್ತು ದಿನ. ಹಣವಲ್ಲ. ನನ್ನ ದಿನಗಳೂ ಅಲ್ಲ, ನನ್ನ ಅಕ್ಕನವು. ಆ ಬೆಲೆ ಯಾಕೆ ಬಿತ್ತು ಎಂದರೆ, ವ್ಯಾಪಾರಕ್ಕೆ ಕೂತ ಮೇಲೆ ಏನನ್ನೂ ಕುದುರಿಸದೆ ಎದ್ದು ಬರುವುದು ನನಗೆ ಅಭ್ಯಾಸವಿರಲಿಲ್ಲ. ಎದುರಿನವರು ಒಂದು ಹೇಳುತ್ತಾರೆ, ನಾನೊಂದು ಹೇಳುತ್ತೇನೆ, ನಡುವೆ ಎಲ್ಲೋ ಒಂದು ಕಡೆ ಇಬ್ಬರೂ ನಿಲ್ಲುತ್ತೇವೆ. ನಿಂತ ಜಾಗ ನನ್ನ ಕಡೆಗೆ ಸ್ವಲ್ಪ ವಾಲಿದ್ದರೆ ಗೆದ್ದೆ ಎಂದುಕೊಂಡು ಮನೆಗೆ ಹೋಗುತ್ತೇನೆ. ಮೂವತ್ತು ವರ್ಷ ಹೀಗೇ ಅನ್ನ ದುಡಿದವನು, ಲೋಕ ಮುಳುಗುವ ದಿನದ ವಿಷಯದಲ್ಲೂ ಹಾಗೇ ಮಾಡಿದೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದು ಹಳೆಯ ಹೊಲಿಗೆ ಯಂತ್ರಗಳ ಅಂಗಡಿ. ಜೀನ್ಸ್ ಹೊಲಿಯುವ ಸಣ್ಣ ಘಟಕ ಒಂದು ಬಾಗಿಲು ಹಾಕಿದರೆ ಅದರ ಯಂತ್ರಗಳನ್ನು ಕೊಳ್ಳುತ್ತೇನೆ, ಇನ್ನೊಂದು ಬಾಗಿಲು ತೆರೆದರೆ ಅದಕ್ಕೆ ಮಾರುತ್ತೇನೆ. ಅಂಥದೇ ಒಂದು ಘಟಕದಲ್ಲಿ ನೆಲದ ಮೇಲೆ ಕೂತು ಪ್ಯಾಂಟುಗಳ ದಾರ ಕತ್ತರಿಸುವ ಕೆಲಸದಿಂದ ನಾನು ಶುರು ಮಾಡಿದ್ದು. ಯಾರೂ ಕೈ ಹಿಡಿದು ಮೇಲೆ ತರಲಿಲ್ಲ ಎಂದು ಹೇಳಿಕೊಳ್ಳುವುದು ನನಗೆ ಇಷ್ಟ. ಆದರೆ ಅದು ಪೂರ್ತಿ ನಿಜವಲ್ಲ. ಕೈ ಹಿಡಿದು ವ್ಯಾಪಾರ ಕಲಿಸಿದವಳು ಒಬ್ಬಳಿದ್ದಳು.

ಕೈ ಹಿಡಿದು ಎನ್ನುವುದನ್ನು ಇದ್ದ ಹಾಗೇ ತಿಳಿದುಕೊಳ್ಳಿ. ನಮ್ಮದು ಕುರುಗೋಡು. ಅಪ್ಪ ಎತ್ತಿನ ದಲ್ಲಾಳಿ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಒತ್ತುತ್ತಾರೆ. ಒಂದು ಬೆರಳು ಒತ್ತಿದರೆ ಇಷ್ಟು, ಎರಡು ಒತ್ತಿದರೆ ಇಷ್ಟು, ಇಡೀ ಅಂಗೈ ಹಿಡಿದರೆ ಐದರಷ್ಟು. ಸುತ್ತ ನಿಂತವರಿಗೆ ಟವೆಲ್ ಅಲುಗುವುದು ಮಾತ್ರ ಕಾಣುತ್ತದೆ. ಕೊನೆಗೆ ಒಪ್ಪಿಗೆಯಾದರೆ ಅಂಗೈಯನ್ನು ಗಟ್ಟಿಯಾಗಿ ಅದುಮಿ ಬಿಡುತ್ತಾರೆ. ಅದುಮಿದ ಮೇಲೆ ಮುಗಿಯಿತು. ಎತ್ತು ಮನೆಗೆ ಹೋಗಿ ಮೇವು ಮುಟ್ಟದೆ ಮಲಗಿದರೂ ಮಾತು ಬದಲಿಸುವಂತಿಲ್ಲ. ಬದಲಿಸಿದವನ ಕೈಗೆ ಆ ಸಂತೆಯಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನನಗೆ ಮೂರು ವರ್ಷ ಇದ್ದಾಗ ಅವ್ವ ಹೋದಳು. ಜಡ್ಡು ಬಂದು ಹೋದಳು ಎಂದಷ್ಟೇ ನನಗೆ ಗೊತ್ತಿತ್ತು. ಅಲ್ಲಿಂದ ನನ್ನನ್ನು ಸಾಕಿದವಳು ಅಕ್ಕ. ಅಪ್ಪ ಸಂತೆಗೆ ಹೋದ ದಿನ ನಾವಿಬ್ಬರೂ ಅಪ್ಪನ ಹಳೆಯ ಟವೆಲ್ ಹೊದಿಸಿಕೊಂಡು ಶೇಂಗಾ ಬೀಜಕ್ಕೆ, ಬೆಲ್ಲದ ಚೂರಿಗೆ, ಯಾರು ನೀರು ತರಬೇಕು ಎನ್ನುವುದಕ್ಕೆ ವ್ಯಾಪಾರ ಮಾಡುತ್ತಿದ್ದೆವು. ಅವಳು ಯಾವತ್ತೂ ಮೊದಲು ದರ ಹೇಳುತ್ತಿರಲಿಲ್ಲ. "ಮೊದಲು ಬಾಯಿ ಬಿಟ್ಟಾವ ಅರ್ಧ ಸೋತಂಗ" ಎನ್ನುತ್ತಿದ್ದಳು. ಇವತ್ತಿಗೂ ನನ್ನ ಅಂಗಡಿ ನಡೆಯುವುದು ಆ ಒಂದು ಮಾತಿನ ಮೇಲೆ.

ಮದುವೆಯಾಗಿ ಅಕ್ಕ ಸಿರುಗುಪ್ಪಕ್ಕೆ ಹೋದಳು. ಭಾವ ತೀರಿಕೊಂಡ ಮೇಲೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಅಂಗಡಿಗೆ ಕಳಿಸಿಕೊಂಡು ಮಗಳನ್ನು ಓದಿಸಿದಳು. ಮಗಳು ಸಿರುಗುಪ್ಪದಲ್ಲೇ ಸಾಲಿ ಟೀಚರು, ತಾಯಿಯ ಜೊತೆಗೇ ಇದ್ದಳು. ಪ್ರತಿ ವರ್ಷ ಸಂಕ್ರಾಂತಿ ಮುಗಿದು ಹೊಸ ಮೆಣಸಿನಕಾಯಿ ಬರುವ ಹೊತ್ತಿಗೆ ವರ್ಷಕ್ಕಾಗುವಷ್ಟನ್ನು ನಾನು ಆರಿಸಿ, ಚೀಲ ಹೊಲಿಸಿ ಬಸ್ಸಿಗೆ ಹಾಕುತ್ತಿದ್ದೆ. ಆ ವರ್ಷವೂ ಫೋನು ಮಾಡಿದೆ.

"ಅಕ್ಕ, ಕಾಯಿ ಚೊಲೊ ಬಂದಾವು. ಹೋದ ವರ್ಷದಷ್ಟು ಹಾಕಿಸಲೇನು?"

"ಬ್ಯಾಡ ಬಿಡು. ಎರಡು ಕೆಜಿ ಇಲ್ಲೇ ಅಂಗಡ್ಯಾಗ ತರ್ತೀನಿ."

"ಯಾಕ, ನನ್ನ ಮೆಣಸಿನಕಾಯಿ ಖಾರ ಕಡಿಮಿ ಆತೇನು?"

"ಯುಗಾದಿ ಮಟ ಆದ್ರ ಸಾಕು ಲೇ. ಆಮ್ಯಾಲ ಯಾರು ಉಣ್ಣೋರು?"

ನಗುತ್ತಾ ಹೇಳಿದಳು. ಆದರೆ ವರ್ಷದ ಮೆಣಸಿನಕಾಯಿಯನ್ನು ಬೇಡ ಎನ್ನುವ ಹೆಂಗಸನ್ನು ನಾನು ನೋಡಿರಲಿಲ್ಲ. ಗಿರಾಕಿ ಯಂತ್ರಕ್ಕೆ ದರ ಕೇಳದೆ ಹೋದರೆ ಅವನ ಘಟಕದಲ್ಲೇನೋ ಆಗಿದೆ ಎಂದು ನನಗೆ ಗೊತ್ತಾಗುತ್ತದೆ. ಇದೂ ಹಾಗೆ. ಮರುದಿನ ಅಂಗಡಿಯನ್ನು ನನ್ನ ಮೆಕ್ಯಾನಿಕ್‌ಗೆ ಒಪ್ಪಿಸಿ ಸಿರುಗುಪ್ಪದ ಬಸ್ಸು ಹತ್ತಿದೆ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಯುಗಾದಿಗೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಕೈ ಒರೆಸಿಕೊಂಡು ಫೋನು ಕೊಟ್ಟಳು. ಅದರಲ್ಲಿ ಕಾವಿ ಶಾಲಿನವನೊಬ್ಬ ತೆಲುಗಿನಲ್ಲಿ ಮಾತಾಡುತ್ತಿದ್ದ. ಮೂರು ದಿನ ಕತ್ತಲು, ಬಾವಿಯ ನೀರು ಕುದಿಯುತ್ತದೆ, ಡ್ಯಾಮು ಒಡೆದು ಹೊಳೆಯ ದಂಡೆಯ ಊರುಗಳು ಮೊದಲು ಹೋಗುತ್ತವೆ, ಆಮೇಲೆ ಉಳಿದ ಲೋಕ. ಇವೆಲ್ಲ ಆಗುವುದು ಯುಗಾದಿಯ ಅಮಾವಾಸ್ಯೆಗೆ. ಇನ್ನೊಂದು ವಿಡಿಯೋದಲ್ಲಿ ಇನ್ನೊಬ್ಬ ಅದನ್ನೇ ಒಂದು ತಿಂಗಳು ಮೊದಲು, ಶಿವರಾತ್ರಿಯ ಅಮಾವಾಸ್ಯೆಗೆ ಇಟ್ಟಿದ್ದ. ತುಂಗಭದ್ರೆಯ ದಂಡೆಯಲ್ಲಿ ಇರುವವರಿಗೆ ಡ್ಯಾಮು ಒಡೆಯುತ್ತದೆ ಎಂದರೆ ಅದು ಪುರಾಣವಲ್ಲ. ಓಣಿಯಲ್ಲಿ ಕೆಲವರು ಆಗಲೇ ಮೇಣದ ಬತ್ತಿ, ಎಳ್ಳೆಣ್ಣೆ ತಂದಿಟ್ಟುಕೊಂಡಿದ್ದರು.

"ಲೋಕ ಮುಳುಗೋದು ಖರೆ ಇದ್ರ, ಇವ ಕೊನಿಗೆ ನನ್ನ ಚಾನೆಲ್ ಸೇರ್ರಿ ಅಂತ ಯಾಕ ಕೇಳ್ತಾನ?" ಎಂದೆ.

"ಮುಳುಗೋ ಮಟ ಅವನೂ ಉಣಬೇಕಲ್ಲಪಾ" ಎಂದಳು ಅಕ್ಕ.

ಇಂಥ ಮಾತಾಡುವವಳು ಅಂಥದನ್ನು ನಂಬುತ್ತಾಳೆ ಎನ್ನುವುದು ನನಗೆ ಹೊಂದಲಿಲ್ಲ. ಸಂಜೆ ಅಕ್ಕನ ಮಗಳು ಸಾಲಿಯಿಂದ ಬಂದಳು. ಹಿತ್ತಲಿನ ನಲ್ಲಿಯ ಹತ್ತಿರ ಕರೆದು, ಕೊಡಕ್ಕೆ ನೀರು ಬಿಟ್ಟು, ಆ ಸದ್ದಿನಲ್ಲಿ ಹೇಳಿದಳು.

"ಮಾವ, ಅವ್ವನ ಎದಿಯಾಗ ಗಂಟು ಐತಿ. ಅಡಿಕಿಯಷ್ಟು. ದಸರಾದಾಗ ಸ್ನಾನ ಮಾಡಿಸುವಾಗ ನನ್ನ ಕೈಗೆ ಹತ್ತಿತು. ದವಾಖಾನಿಗೆ ಅಂದ್ರ ಯುಗಾದಿ ಆಗಲಿ ಅಂತಾಳ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಾಳ."

"ಮತ್ತ ಹೇಳಿದ್ಯಲ್ಲ."

"ಆಣಿ ಆಮ್ಯಾಲ ನೋಡಿಕೊಳ್ತೀನಿ. ನೀನು ಆಕಿನ್ನ ಒಪ್ಪಿಸು. ಊರ ಮಂದಿನೆಲ್ಲ ಒಪ್ಪಿಸ್ತಿ."

ಒಳಗೆ ಬಂದು ನೇರವಾಗಿ ಹೇಳಿದೆ, ನಾಳೆ ಬೆಳಿಗ್ಗೆ ಬಳ್ಳಾರಿಗೆ ಹೋಗೋಣ ಎಂದು. ಅಕ್ಕ ಮಗಳ ಕಡೆ ನೋಡಿದಳು.

"ಹೇಳೀದಿ ಹೌದಲ್ಲ. ಈಕಿ ಬಾಯಾಗ ಒಂದು ಕಾಳು ನೆನಿಯಂಗಿಲ್ಲ." ಆಮೇಲೆ ನನಗೆ, "ಎಲ್ಲಾರೂ ಹೋಗೋ ಹೊತ್ತಿನ್ಯಾಗ ನನ್ನ ಒಬ್ಬಾಕಿನ್ನ ಕೊಯ್ಸಿ ಏನ್ ಮಾಡ್ತಿ? ಯುಗಾದಿ ಅಮಾಸಿ ದಾಟಲಿ. ಉಳಿದ್ವಿ ಅಂದ್ರ ನಾನ ಬಂದು ನಿನ್ನ ಅಂಗಡಿ ಮುಂದ ನಿಂದ್ರತೀನಿ."

"ಮುಳುಗೋ ಲೋಕದಾಗ ಒಂದ್ಸಲ ಡಾಕ್ಟರ ಮುಖ ನೋಡಿದ್ರ ಏನು ಲುಕ್ಸಾನು?"

"ಲುಕ್ಸಾನು ಇಲ್ಲಂದ್ರ ಅವಸರ ಯಾಕ?"

ಅರ್ಧ ಗಂಟೆ ಹೀಗೇ ಹೋಯಿತು. ನಾನು ಬೈದೆ, ಬೇಡಿಕೊಂಡೆ, ಊಟ ಮಾಡುವುದಿಲ್ಲ ಎಂದೆ. ಅವಳು ತಟ್ಟೆ ತಂದಿಟ್ಟಳು. ಕೊನೆಗೆ ನನ್ನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು ತನ್ನ ಕೈ ಮೇಲೆ ಹಾಕಿಕೊಂಡಳು.

"ತಾ ಕೈ. ಬಾಯಿಲೆ ಆಗೋದಲ್ಲ ಇದು."

ಅಲ್ಲಿ ನಾನು ಎದ್ದು ನಿಲ್ಲಬೇಕಿತ್ತು. ಇದು ಎತ್ತಲ್ಲ ಅಕ್ಕ, ಎಂದು ಟವೆಲ್ ಕಿತ್ತುಕೊಂಡು ಹೆಗಲಿಗೆ ಹಾಕಿಕೊಳ್ಳಬೇಕಿತ್ತು. ಆದರೆ ಎಷ್ಟೋ ವರ್ಷದ ಮೇಲೆ ಆ ಟವೆಲಿನ ಕೆಳಗೆ ಆ ಕೈ ಸಿಕ್ಕಿತ್ತು. ಇಲ್ಲಿಗೆ ಬಂದರೆ ಅಕ್ಕ ಬಗ್ಗುತ್ತಾಳೆ, ಇಲ್ಲಿ ನನ್ನ ಆಟ ನಡೆಯುತ್ತದೆ ಎಂದುಕೊಂಡೆ. ಒಂದು ಬೆರಳಿಗೆ ಹತ್ತು ದಿನ ಎಂದು ಮಾತಾಯಿತು. ನಾನು ಒಂದು ಬೆರಳು ಒತ್ತಿದೆ. ನೋಡಿ, ಮೊದಲು ದರ ಹೇಳಿದವನೇ ನಾನು. ಅವಳು ಇಡೀ ಅಂಗೈ ಹಿಡಿದು, ಬಿಟ್ಟು, ಎರಡು ಬೆರಳು ಒತ್ತಿದಳು. ಎಪ್ಪತ್ತು, ಅಂದರೆ ಯುಗಾದಿ. ನಾನು ಎರಡು. ಅವಳು ಮತ್ತೆ ಏಳು. ನಾನು ಮೂರು. ಅವಳು ಆರು. ರೊಟ್ಟಿ ಬಡಿದೂ ಬಡಿದೂ ಒರಟಾದ ಬೆರಳು. ನಾನು ನಾಲ್ಕು ಒತ್ತಿದಾಗ ಅವಳು ಅಂಗೈ ಅದುಮಿದಳು. ನಲವತ್ತು. ಲೆಕ್ಕ ಹಾಕಿದರೆ ಶಿವರಾತ್ರಿಯ ಅಮಾವಾಸ್ಯೆ. ಅದರ ಮರುದಿನ ಬೆಳಿಗ್ಗೆ ಆಸ್ಪತ್ರೆ.

ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎಷ್ಟಕ್ಕಾತು?" ಎಂದು ಕೇಳಿದಳು. ಹೇಳಿದೆ. ಅವಳು ಒಳಗೆ ಹೋದಳು.

ವಾಪಸ್ ಬಸ್ಸಿನಲ್ಲಿ ಬರುವಾಗ ನನಗೆ ಖುಷಿಯಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಪ್ರಳಯವನ್ನು ಒಂದು ತಿಂಗಳು ಈಚೆಗೆ ಎಳೆದವನು ನಾನು ಎಂದು ಕಿಟಕಿಯ ಪಕ್ಕ ಕೂತು ನಕ್ಕೆ. ಅಂಗಡಿಗೆ ಬಂದು ಮೆಕ್ಯಾನಿಕ್‌ಗೆ ಹೇಳಿದೆ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಇರುವ ಸಾಬರು, ಐದು ಹೊತ್ತೂ ನಮಾಜು ಬಿಡದವರು. ಯಂತ್ರದ ತಲೆ ಬಿಚ್ಚಿ ಕೂತಿದ್ದರು.

"ಖಯಾಮತ್, ಆ ಕೊನೀ ದಿನ, ಯಾವತ್ತು ಅಂತ ಮ್ಯಾಲಿನವಗ ಬಿಟ್ಟು ಯಾರಿಗೂ ಗೊತ್ತಿಲ್ರಿ. ಅದು ಬಿಡ್ರಿ" ಎಂದರು. "ಮಷೀನಿನ್ಯಾಗ ಸಪ್ಪಳ ಬರಾಕತ್ತೈತಿ ಅಂತ ಗಿರಾಕಿ ಫೋನು ಮಾಡಿದ್ರ, ಇನ್ನ ನಲವತ್ತು ದಿನ ಓಡಿಸು ಅಂತೀರೇನು ನೀವು?"

"ಹಂಗಲ್ಲ, ಕೈ ಕೊಟ್ಟೀನಿ."

"ಕೈ ಕೊಟ್ಟೀರಿ. ಹೂಂ." ಅಷ್ಟೇ. ಎಣ್ಣೆಯ ಡಬ್ಬಿ ತೆಗೆದುಕೊಂಡರು.

ಅವರ ಮಾತು ಸರಿ ಎಂದು ನನಗೆ ಅವತ್ತೇ ಗೊತ್ತಿತ್ತು. ದಿನಾ ಸಂಜೆ ಸಿರುಗುಪ್ಪಕ್ಕೆ ಫೋನು ಮಾಡುತ್ತಿದ್ದೆ. "ಇನ್ನ ಅದೀನಿ ಲೇ, ಮುಳುಗಿಲ್ಲ" ಎನ್ನುತ್ತಿದ್ದಳು. ಒಮ್ಮೆ ಗಂಟು ಸಣ್ಣದಾಗಿದೆ ಎಂದಳು. ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು.

ಇಪ್ಪತ್ತನಾಲ್ಕನೇ ದಿನ ಅಕ್ಕ ಕುರುಗೋಡಿಗೆ ಹೋಗಬೇಕು ಎಂದಳು. ಅಪ್ಪನ ಮನೆ ಎಂದೋ ಬೇರೆಯವರ ಪಾಲಾಗಿದೆ. ಅವಳಿಗೆ ನೋಡಬೇಕಿದ್ದದ್ದು ಕಲ್ಲಿನ ದೊಡ್ಡ ಬಸವಣ್ಣನನ್ನು. ಅವಳು ಸಿರುಗುಪ್ಪದಿಂದ ಬಂದಳು, ನಾನು ಬಳ್ಳಾರಿಯಿಂದ ಹೋದೆ. ಮಧ್ಯಾಹ್ನ, ಗುಡಿಯಲ್ಲಿ ಯಾರೂ ಇರಲಿಲ್ಲ. ಬಸವಣ್ಣನ ಮೈ ಎಣ್ಣೆ ಕುಡಿದು ಕರ್ರಗೆ ಹೊಳೆಯುತ್ತಿತ್ತು. ಅಪ್ಪ ಪ್ರತಿ ಸಂತೆಗೆ ಹೋಗುವ ಮುಂಚೆ ಇಲ್ಲಿ ಬಂದು, ಈ ಎತ್ತಿಗೆ ದರ ಕಟ್ಟುವವನು ಇನ್ನೂ ಹುಟ್ಟಿಲ್ಲ ಎಂದು ಕೈ ಮುಗಿಯುತ್ತಿದ್ದ. ಅಕ್ಕ ಒಂದು ಸುತ್ತು ಬಂದು ಕಂಬಕ್ಕೆ ಒರಗಿ ಕೂತಳು. ಎಡಗೈಯನ್ನು ಮೈಯಿಂದ ಸ್ವಲ್ಪ ದೂರ ಇಟ್ಟುಕೊಂಡಿದ್ದಳು.

"ಅವ್ವ ಹೆಂಗ ಹೋದಳು ಅಂತ ನಿನಗ ಯಾರೂ ಹೇಳಿಲ್ಲ" ಎಂದಳು.

"ಜಡ್ಡು ಅಂತ."

"ಇದಾ ಜಡ್ಡು. ಇದಾ ಜಾಗ." ಎದೆ ಮುಟ್ಟಿ ತೋರಿಸಿ, "ಒಡೆದು ಹುಣ್ಣಾಗಿತ್ತು. ಅರಿವಿ ಬದಲಿ ಮಾಡ್ತಿದ್ದಾಕಿ ನಾನು. ನಾತಕ್ಕ ಯಾರೂ ಒಳಗ ಬರ್ತಿದ್ದಿಲ್ಲ. ಅಪ್ಪ ಬಾಗಿಲದಾಗ ನಿಂತು, ಉಂಡಳೇನು ಅಂತ ಕೇಳಿ ಹೋಗ್ತಿದ್ದ. ನಿನ್ನ ಪಕ್ಕದ ಮನ್ಯಾಗ ಬಿಟ್ಟಿದ್ವಿ. ನನಗ ಹದಿನಾಲ್ಕು."

"ಮತ್ತ ಆ ಫೋನಿನ ಸ್ವಾಮಿ ಹೇಳಿದ್ದು?" ಎಂದೆ.

"ಅದು ಖರೆ ಆಗಲಿ ಅಂತ ದಿನಾ ಬೇಡ್ಕೊಳ್ತೀನಿ. ಡ್ಯಾಮ್ ಒಡೀತು ಅಂದ್ರ ಓಣಿ ಮಂದಿ ಎಲ್ಲಾರೂ ಕೂಡೇ ಹೋಗ್ತೀವಿ. ಇದರಾಗ ಒಬ್ಬಾಕಿನ ಹೋಗಬೇಕು. ಒಳಗ ಯಾರೂ ಬರಂಗಿಲ್ಲ."

ನಾನು ಅವಳ ಪಕ್ಕ ಕೂತೆ. ನಾ ಬರ್ತೀನಿ ಒಳಗ, ಎಂದೆ. ಅದನ್ನು ಹೇಳಿದೆ ಎನ್ನುವುದು ನನಗೆ ಉಳಿದಿರುವ ಒಂದು ಸಮಾಧಾನ. ಅವಳು ನನ್ನ ಮುಖ ನೋಡಿ, "ನಿನಗ ಕಟ್ಟು ಬಿಚ್ಚಾಕೂ ಬರಂಗಿಲ್ಲ, ಹುಚ್ಚಪ್ಪ" ಎಂದಳು. ಇಬ್ಬರೂ ನಕ್ಕೆವು.

ಹೊರಗೆ ಬಂದಾಗ ಬಳ್ಳಾರಿಯ ಬಸ್ಸು ನಿಂತಿತ್ತು, ಖಾಲಿ ಸೀಟುಗಳಿದ್ದವು. ಅವಳ ಮನಸ್ಸು ಮೆತ್ತಗಾಗಿದ್ದ ಗಳಿಗೆ ಅದು. ಕೈ ಹಿಡಿದು ಹತ್ತಿಸಿದ್ದರೆ ಹತ್ತುತ್ತಿದ್ದಳು. ಇವತ್ತು ನನಗೆ ಅದು ಖಾತ್ರಿ. ನನ್ನ ಬಾಯಿಂದ ಬಂದದ್ದು ಬೇರೆ. "ಇನ್ನ ಹದಿನಾರು ದಿನ ಐತಲ್ಲ ಅಕ್ಕ, ಮಾತು ಮಾತ" ಎಂದೆ. ಅವಳಿಗೆ ಗೌರವ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಹೂಂ ಎಂದು ಸಿರುಗುಪ್ಪದ ಬಸ್ಸಿಗೆ ಕಾಯುತ್ತಾ ನಿಂತಳು.

ಅಮಾವಾಸ್ಯೆಯ ದಿನ ನಾನು ಸಿರುಗುಪ್ಪದಲ್ಲಿದ್ದೆ. ಓಣಿಯ ನಾಲ್ಕೈದು ಮನೆಯವರು ಸಂಬಂಧಿಕರ ಊರಿಗೆ ಹೋಗಿದ್ದರು. ಉಳಿದವರು ಬಿಂದಿಗೆಗಳಲ್ಲಿ ನೀರು ತುಂಬಿಟ್ಟು ನಗುತ್ತಲೇ ಬಾಗಿಲು ಹಾಕಿಕೊಂಡರು. ಬಿಸಿಲು ಎಂದಿನಂತೆ ಬಿತ್ತು, ಎಂದಿನಂತೆ ಇಳಿಯಿತು. ಮರುದಿನ ಬೆಳಿಗ್ಗೆ ಹಾಲಿನವನು ಬಂದ, ಸಾಲಿಯ ಗಂಟೆ ಹೊಡೆಯಿತು. ಅಕ್ಕ ಅಂಗಳ ಗುಡಿಸಿ, ರಂಗೋಲಿ ಹಾಕಿ, ಚಲೋ ಸೀರೆ ಉಟ್ಟು ಚೀಲ ಹಿಡಿದು ಬಾಗಿಲಲ್ಲಿ ನಿಂತಳು. "ನಡಿ. ಕೈ ಕೊಟ್ಟೀನಲ್ಲ" ಎಂದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಒಂದು ವಾರ ಪರೀಕ್ಷೆಗಳಾದವು. ವೈದ್ಯೆ ವಯಸ್ಸಿನಲ್ಲಿ ಅಕ್ಕನ ಮಗಳಿಗಿಂತ ಸ್ವಲ್ಪ ದೊಡ್ಡವರು. ಕಂಕುಳಿಗೂ ಹೋಗಿದೆ, ಅಲ್ಲಿಂದ ಮುಂದೆಯೂ ಹೋದ ಹಾಗಿದೆ ಎಂದು ಮೆಲ್ಲಗೆ ಹೇಳಿದರು. ನಾನು ಒಬ್ಬನೇ ಒಳಗೆ ಹೋಗಿ ಕೇಳಿದೆ, ನಲವತ್ತು ದಿನ ಮೊದಲು ಬಂದಿದ್ದರೆ?

"ಈಗ ಅದನ್ನ ಹೇಳೋಕೆ ಬರೋದಿಲ್ಲ" ಎಂದರು.

"ಅಂದಾಜು?"

"ಅಂದಾಜೂ ಇಲ್ಲ. ಇವತ್ತಿನಿಂದ ಏನು ಮಾಡೋಣ ಅಂತ ಮಾತಾಡೋಣ."

ಮತ್ತೆ ಎರಡು ಸಲ ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ನಾನು ಎದುರು ಕೂತವರ ಬಾಯಿಂದ ದರ ಹೊರಡಿಸುವುದರಲ್ಲಿ ಹೆಸರು ಮಾಡಿದವನು. ಅವರು ಹೇಳಲಿಲ್ಲ. ಆ ದಿನಗಳಿಗೆ ಏನು ಬೆಲೆಯಿತ್ತು ಎನ್ನುವುದು ನನಗೆ ಗೊತ್ತಾಗದೆಯೇ ಉಳಿಯಿತು. ಏನೂ ಇರಲಿಲ್ಲವೇನೋ. ಎಲ್ಲವೂ ಇತ್ತೇನೋ.

ಆಪರೇಷನ್ ಆಯಿತು, ಔಷಧಿ ಹತ್ತಿಸಿದರು, ಕೂದಲು ಹೋಯಿತು. ಅಕ್ಕ ಮಗಳನ್ನು ಕರೆದುಕೊಂಡು ಬಂದು ನಮ್ಮ ಮನೆಯಲ್ಲೇ ಇದ್ದಳು; ಮಗಳು ದಿನಾ ಬಸ್ಸಿನಲ್ಲಿ ಸಿರುಗುಪ್ಪದ ಸಾಲಿಗೆ ಹೋಗಿಬರುತ್ತಿದ್ದಳು. ಹೇಳಿದ ಹಾಗೆ ನಾನು ಒಳಗೆ ಹೋದೆ. ಕಟ್ಟು ಬಿಚ್ಚುವುದು, ಕಟ್ಟುವುದು ನರ್ಸಮ್ಮನಿಂದ ಕಲಿತೆ. ಮೊದಲ ದಿನ ನಾನು ಮೂರು ಸಲ ಬಿಚ್ಚಿ ಮತ್ತೆ ಕಟ್ಟಿದ್ದು ನೋಡಿ ಅಕ್ಕ, "ಮಷೀನ್ ಆಗಿದ್ರ ಇಷ್ಟೊತ್ತಿಗೆ ಮಾರಿಬಿಡ್ತಿದ್ದಿ" ಎಂದಳು. ಒಂದು ದಿನವೂ ಅವಳು ಆ ನಲವತ್ತರ ಮಾತೆತ್ತಲಿಲ್ಲ. ನಾನೇ ಒಮ್ಮೆ ಎತ್ತಿದೆ, ಟವೆಲ್ ಹಾಕಿದಾಗ ನಾ ಕೈ ಕೊಡಬಾರದಿತ್ತು ಎಂದೆ.

"ಅದುಮಿದಾಕಿ ನಾನು" ಎಂದಳು. "ಸುಮ್ಕಿರು."

ಮುಂದಿನ ವರ್ಷದ ಶ್ರಾವಣದಲ್ಲಿ, ಒಂದು ಬೆಳಿಗ್ಗೆ, ಮಗಳು ಒಂದು ಕಡೆ ನಾನು ಒಂದು ಕಡೆ ಕೂತಿರುವಾಗ ಅಕ್ಕ ಹೋದಳು. ಅವತ್ತು ಬೀದಿಯಲ್ಲಿ ಏನೂ ನಿಲ್ಲಲಿಲ್ಲ. ಆಟೋಗಳು ಹೋದವು, ಎದುರಿನ ಮನೆಯ ಹುಡುಗಿಯರು ಬಟ್ಟೆ ಒಣಹಾಕಿದರು. ಹನ್ನೊಂದು ಗಂಟೆಗೆ ಗಿರಾಕಿಯೊಬ್ಬ ಫೋನು ಮಾಡಿ ಎರಡು ಯಂತ್ರಗಳ ದರ ಕೇಳಿದ. ನಾನು ಹೇಳಿದೆ. ಅವನು ಕಡಿಮೆ ಮಾಡು ಎಂದ. ಅಭ್ಯಾಸದಲ್ಲಿ ಮಾಡಿದೆ. ಫೋನು ಇಟ್ಟ ಮೇಲೆ ಎಷ್ಟು ಹೇಳಿದೆನೆಂದು ನೆನಪಾಗಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅಕ್ಕನ ಮಗಳಿಗೆ, ನಾಳೆ ಬೆಳಿಗ್ಗೆ ಆ ವೈದ್ಯೆಯ ಹತ್ತಿರ ಹೋಗೋಣ ಎಂದೆ. ಅಜ್ಜಿಗೆ ಇತ್ತು, ತಾಯಿಗೆ ಇತ್ತು, ಇನ್ನು ಇವಳು. ದಸರಾ ರಜೆಯಲ್ಲಿ ನೋಡೋಣ ಮಾವ, ಪರೀಕ್ಷೆ ಪೇಪರು ತಿದ್ದುವುದಿದೆ ಎಂದಳು. ಶನಿವಾರ ಆಗಲಿ, ಭಾನುವಾರ ಆಗಲಿ ಎಂದಳು. ನಾನು ಯಾವ ದಿನಕ್ಕೂ ಉತ್ತರ ಕೊಡಲಿಲ್ಲ, ಮರುದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಹೊರಗೆ ನಿಂತೆ. ಮುಕ್ಕಾಲು ಗಂಟೆಯ ಮೇಲೆ ಬಂದಳು. ತಪಾಸಣೆಯಲ್ಲಿ ಏನೂ ಇರಲಿಲ್ಲ. ವರ್ಷಕ್ಕೊಮ್ಮೆ ಬರಲು ಹೇಳಿದ್ದಾರೆ, ಕರೆದುಕೊಂಡು ಹೋಗುತ್ತೇನೆ.

ನಿಮಗೆ ನಾನು ಹೇಳುವುದು ಇಷ್ಟು. ನಿಮ್ಮ ಮನೆಯಲ್ಲಿ ಯಾರಾದರೂ ಲೋಕ ಮುಳುಗುತ್ತದೆ ಎಂದು ಹೇಳತೊಡಗಿದರೆ ಪಂಚಾಂಗ ತೆಗೆದು ವಾದಕ್ಕೆ ಕೂರಬೇಡಿ, ನಗಬೇಡಿ. ಮೈಯಲ್ಲಿ ಎಲ್ಲಾದರೂ ನೋವಿದೆಯಾ, ಗಂಟಿದೆಯಾ, ರಕ್ತ ಹೋಗುತ್ತಿದೆಯಾ ಎಂದು ಕೇಳಿ. ನಿಮಗೆ ಹೇಳದಿದ್ದರೆ ಮನೆಯ ಹೆಣ್ಣುಮಕ್ಕಳಿಂದ ಕೇಳಿಸಿ. ಹಿರಿಯರು ಯಾವ ಜಡ್ಡಿನಿಂದ ಹೋದರು ಎನ್ನುವುದನ್ನು ನಿಮ್ಮ ಊರಿನ ಮುದುಕರಿಗೆ ನೆನಪಿರುವಾಗಲೇ ಕೇಳಿ, ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಅವರು ಮೊದಲು ಕೇಳುವುದು ಅದನ್ನೇ. ಹಬ್ಬ ಆಗಲಿ, ಮದುವೆ ಆಗಲಿ ಎಂದರೆ ಒಪ್ಪಬೇಡಿ, ಬೇರೆ ತಾರೀಖನ್ನೂ ಹೇಳಬೇಡಿ. ಅವರು ಬೈದರೆ ಬೈಸಿಕೊಳ್ಳಿ. ಜೊತೆಗೆ ಹೋಗಿ, ಒಳಗೂ ಹೋಗಿ. ಹಳೆಯ ರಿಪೋರ್ಟುಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ; ಹತ್ತು ಗಂಟೆಯ ಮೇಲೆ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲು ರಸ್ತೆಯವರೆಗೆ ಬರುತ್ತದೆ, ಕೂರಲು ಜಾಗ ಸಿಗುವುದಿಲ್ಲ.